ಬರದೇ ಇದ್ದವರೆಲ್ಲ ಗುಣವಾದವರು

ಕೂತ್ಕೋ ಮಗಳೇ, ಕೂತ್ಕೋ. ಒಂದೇ ಮಾತಿಗೆ ಯಾರಾದ್ರೂ ಎದ್ದು ಹೊರಡ್ತಾರಾ? ಹಾಂ, ಹಾಗೆ. ಆ ಮೂಟೆ ಮೇಲಲ್ಲ, ಅದು ಬಿತ್ತನೆ ಆಲೂಗಡ್ಡೆ. ಈ ಕುರಿಚರ್ಮದ ಮೇಲೆ ಬಾ, ಒಲೆ ಹತ್ರ. ಸತುರ್ನಿನಾ ಅಜ್ಜೀ, ಕಾಲು ಹೇಗಿದೆ ಅಂತ ನೀನು ಕೇಳಿದೆ. ಚೆನ್ನಾಗಿದೆ ಅಂತ ನಾನಂದೆ. ಬರ್ಕೊಂಡ್ಯಲ್ಲ? ಮುಗೀತು. ಈಗ ಆ ಪೆನ್ನು ಒಳಗಿಟ್ಟು ನಾನು ಹೇಳೋದು ಕೇಳು. ನಿನಗೆ ಕೆಲಸ ಕಲಿಸಿದ ಗುರುವಿನ ಕಥೆ ಹೇಳ್ತೀನಿ. ಕೆಳಗೆ ಆಸ್ಪತ್ರೇಲಿ ಯಾರೂ ಹೇಳಿರಲ್ಲ ಇದನ್ನ.

ಮಡಕೇಲಿ ಬೇಯಿಸಿದ ಜೋಳ ಇದೆ, ನೀನೇ ಬಡಿಸ್ಕೋ. ಚೀಸು ಆ ಬಟ್ಟೆ ಕೆಳಗೆ. ನಾನೇ ಎದ್ದು ಕೊಡ್ತಿದ್ದೆ, ಮಡಿಲ ತುಂಬಾ ಉಣ್ಣೆ ಹರಡ್ಕೊಂಡು ಕೂತಿದೀನಿ ನೋಡು, ಎದ್ರೆ ಎಲ್ಲಾ ಸಿಕ್ಕಾಗ್ಬಿಡತ್ತೆ... ಯಾಕೆ ನಗ್ತೀಯ? ಮೂಳೆ ಡಾಕ್ಟರಮ್ಮ ಕೈಯಾರೆ ಬಡಿಸ್ಕೊಂಡ್ರೆ ಮೂಳೆ ಸವೆಯತ್ತಾ?

ನಿನ್ನ ಗುರು ರೋಮುಲೋ ಹುಟ್ಟಿದ್ದು ಈ ಗೋಡೆ ಆಚೆ ಮನೇಲಿ. ಅವರಮ್ಮ ಫಾಬಿಯಾನಾಗೆ ಹಾಲಿಲ್ಲ. ನನ್ನ ಎದೆ ಕಚ್ಚಿಕೊಂಡು ಬೆಳೆದ ಅವನು, ನನ್ನ ಮಗಳ ಜೊತೆ, ಆ ಕಡೆ ಒಂದು ಈ ಕಡೆ ಒಂದು. ಈ ಬೆಟ್ಟದ ಮೇಲಿಂದ ಡಾಕ್ಟರಾದವನು ಅವನೊಬ್ಬನೇ. ಓದು ಮುಗಿಸಿ ದೊಡ್ಡ ಪಟ್ಟಣ ಲಾ ಪಾಸ್‌ನಲ್ಲೇ ಇದ್ದುಬಿಡಬಹುದಿತ್ತು! ಶ್ರೀಮಂತರ ಮಂಡಿ ಉಜ್ಜಿಕೊಂಡು, ಟೈ ಕಟ್ಕೊಂಡು. ಇರಲಿಲ್ಲ. ವಾಪಸ್ ಬಂದ. ನಿಮ್ಮ ಆ ಪುಟ್ಟ ಊರಿನ ಪುಟ್ಟ ಆಸ್ಪತ್ರೆಗೆ, ಮಳೆ ಬಂದ್ರೆ ಆಪರೇಷನ್ ಕೋಣೇಲಿ ಬಕೆಟ್ ಇಡಬೇಕಾದ ಆಸ್ಪತ್ರೆಗೆ.

ಅವನು ಬರೋಕೆ ಮುಂಚೆ ತೊಡೆಮೂಳೆ ಮುರಿದ್ರೆ ಏನು ಮಾಡ್ತಿದ್ರು ಗೊತ್ತಾ? ಕಾಲಿಗೆ ಹಗ್ಗ ಕಟ್ಟಿ, ಹಗ್ಗಕ್ಕೆ ಕಲ್ಲು ಕಟ್ಟಿ, ಮಂಚದ ತುದೀಲಿ ಇಳಿಬಿಡೋದು. ಬಿತ್ತನೇಲಿ ಮಲಗಿದವನು ಕೊಯ್ಲಿಗೂ ಏಳ್ತಿರಲಿಲ್ಲ. ಹೆಂಡ್ತಿ ಮಕ್ಕಳು ಏನು ತಿನ್ಬೇಕು? ಕಲ್ಲು ತಿನ್ಬೇಕು. ರೋಮುಲೋ ಬಂದು ಮೂಳೆ ಒಳಗೇ ಸಲಾಕೆ ಹಾಕಿದ. ಒಳಗಡೆ ಏನಾಗ್ತಿದೆ ಅಂತ ತೋರಿಸೋ ಆ ದೊಡ್ಡ ಯಂತ್ರ ನಿಮ್ಮಲ್ಲಿಲ್ಲ, ಹೌದಲ್ವಾ? ಬೆರಳ ತುದೀಲೇ ಸಲಾಕೆ ತೂತು ಹುಡುಕಿ ತಿರುಪು ಬಿಗೀತಿದ್ದ. ಆಲೂಗಡ್ಡೆ ಲಾರಿ ಮೇಲಿಂದ ನಾನು ಬಿದ್ದಾಗ ನನಗೂ ಹಾಕಿದ. ಬೊಂಬಾಟಾಗಿ ಕೂಡ್ತು. ಕಾರ್ನಿವಲ್‌ನಲ್ಲಿ ಕುಣಿದೆ ಕಣೇ! ಅವನೇ ಫೋಟೋ ತೆಗೆದ. ಟೋಪಿ ಓರೆ ಮಾಡ್ಕೊಂಡು, ಲಂಗ ಗಿರ್ ಅಂತ ತಿರುಗಿಸ್ಕೊಂಡು... ನೋಡಿದೀಯ ಆ ಫೋಟೋ? ನೋಡಿರ್ತೀಯ. ಎಲ್ಲರೂ ನೋಡಿದಾರೆ. ಲಾ ಪಾಸ್‌ನ ಸಭೇಲಿ ಗೋಡೆ ಅಗಲ ತೋರಿಸಿದ್ರಂತೆ ಈ ಮುದುಕೀನ.

ಆಮೇಲೆ ಏನಾಯ್ತು ಅಂದ್ರೆ... ತಿನ್ನು ತಿನ್ನು, ತಿಂತಾ ಕೇಳು. ನನ್ನ ಮೊಮ್ಮಗಳ ಕೂಸಿಗೆ ಮೊದಲ ಕೂದಲು ತೆಗೆಯೋ ಶಾಸ್ತ್ರ ಬಂತು. ಯಾರ ಕೈಲಿ ತೆಗೆಸೋದು? ರೋಮುಲೋ ಕೈಲೇ! ಕತ್ತರಿ ಹಿಡಿದ, ಹುಡುಗಿಗೆ ಕುರಿಮರಿ ಕೊಟ್ಟ, ಕೂಸಿಗೆ ಧರ್ಮತಂದೆ ಆದ, ಅದರಿಂದ ನಮಗೆ ಕಂಪಾದ್ರೆ ಆದ, ನಾನು ಅವನಿಗೆ ಕಮಾದ್ರೆ ಆದೆ. ನೀನು ಪಟ್ಟಣದಲ್ಲಿ ಬೆಳೆದವಳು, ನಿನಗೆ ಇದರ ತೂಕ ಗೊತ್ತಿರಲ್ಲ. ಒಡಹುಟ್ಟಿದವರ ಜೊತೆ ಜಗಳ ಆಡಬಹುದು, ಬೀಗರ ಜೊತೆ ಮಾತು ಬಿಡಬಹುದು. ಕಂಪಾದ್ರೆ ಮನಸ್ಸು ನೋಯಿಸೋ ಹಾಗಿಲ್ಲ. ಅವನು ಕೊಟ್ಟ ಕುರಿಮರಿ ಸತ್ತುಹೋದ್ರೂ 'ಮೇಯ್ತಾ ಇದೆ ಕಂಪಾದ್ರೆ, ಗುಂಡುಗುಂಡಗಾಗಿದೆ' ಅನ್ಬೇಕು. ಹಾಗೆ ನಾವು. ನಾನೊಬ್ಬಳೇ ಅಲ್ಲ. ಅವನು ಮೂಳೆ ಕೂಡಿಸಿದ ಮನೆಯವರೆಲ್ಲ ಒಂದೊಂದು ಕೂಸು ಎತ್ಕೊಂಡು ಹೋದ್ರು ಅವನ ಹತ್ರ. ಈ ಬೆಟ್ಟದ ಅರ್ಧ ತಲೆಗಳಿಗೆ ಕತ್ತರಿ ಹಾಕಿದಾನೆ ಅವನು.

ಹೀಗಿದ್ದವನನ್ನ ಲಾ ಪಾಸ್‌ಗೆ ಕರೆಸಿದ್ರು. ಮೂಳೆ ಡಾಕ್ಟರುಗಳ ಸಂಘ. ವಾಪಸ್ ಬಂದವನು ನೀನು ಕೂತಿರೋ ಜಾಗದಲ್ಲೇ ಕೂತ, ಸೂಪು ಮುಟ್ಟಲಿಲ್ಲ. 'ಏನಾಯ್ತೋ?' ಅಂದೆ. 'ಕಮಾದ್ರೆ, ಅವರಲ್ಲಿ ಒಬ್ಬ ದೊಡ್ಡ ಮನುಷ್ಯ ಕೇಳಿದ, ನಿಮ್ಮ ಕಡೆಯವರು ಇಷ್ಟು ವರ್ಷದಿಂದ ಕೊಯ್ಯೋದೇ ಆಯ್ತು, ಒಂದು ಪುಟ ಬರೆದದ್ದಿದ್ಯಾ ಅಂತ. ಬರೆಯದೇ ಇದ್ದದ್ದು ಮಾಡದೇ ಇದ್ದ ಹಾಗೆ ಅಂದ. ಎಲ್ಲರೂ ಚಪ್ಪಾಳೆ ತಟ್ಟಿದ್ರು.' ನೋಡಿದ್ಯಾ? ಮಾಡದೇ ಇದ್ದ ಹಾಗಂತೆ! ನನ್ನ ತೊಡೇಲಿರೋ ಸಲಾಕೆ ಏನು, ಆಕಾಶದಿಂದ ಬಿತ್ತಾ?

ಆಮೇಲೆ ಬೆನ್ನು ತಟ್ಟಿದ್ರಂತೆ. ಬರೀರಿ, ಹಳ್ಳಿ ಕಡೆ ಡಾಕ್ಟರುಗಳು ಬರೀಬೇಕು, ನಾವು ಅಚ್ಚು ಹಾಕ್ತೀವಿ, ಪದಕ ಕೊಡ್ತೀವಿ! ಬರೀರಿ ಅಂದ್ರು, ಹೇಗೆ ಅಂತ ಹೇಳಿಕೊಟ್ರಾ? ಇಲ್ಲ. ಬೆಟ್ಟ ಹತ್ತಿ ಮನೆಮನೆ ನೋಡ್ಕೊಂಡು ಬರೋಕೆ ದುಡ್ಡು ಕೊಟ್ರಾ? ಜೊತೆಗೆ ಒಬ್ಬ ಡಾಕ್ಟರನ್ನ ಕೊಟ್ರಾ? ಥೂ. ಮಾತು ಕೊಟ್ರು. ಮಾತಿಗೇನು, ಬಾಯಿ ಇದ್ರೆ ಸಾಕು.

ಆದ್ರೂ ಹಟ ಹಿಡಿದ. ರೇಡಿಯೋದಲ್ಲಿ ಹೇಳಿಸಿದ, ಹಾಡುಗಳ ನಡುವೆ, ನಮ್ಮ ಮಾತಲ್ಲೇ. ಡಾಕ್ಟರ್ ರೋಮುಲೋ ಕೈಲಿ ಸಲಾಕೆ ಹಾಕಿಸ್ಕೊಂಡವರೆಲ್ಲ ಬಂದು ಕಾಲು ತೋರಿಸಿ ಅಂತ. ಬಂದ್ರು! ಕೋಳಿ ಹಿಡ್ಕೊಂಡು, ಮೊಟ್ಟೆ ಹಿಡ್ಕೊಂಡು, ಅಂಗಳದಲ್ಲಿ ಅವನ ಮುಂದೆ ಮದುಮಕ್ಕಳ ಹಾಗೆ ನಡೆದು ತೋರಿಸಿದ್ರು. ಕಣ್ಣಲ್ಲಿ ನೀರು ಬಂತಂತೆ ಅವನಿಗೆ.

ಬರದೇ ಇದ್ದವರೂ ಇದ್ರು. ಸುಮಾರು ಜನ. ಅವರ ಹೆಸರಿನ ಮುಂದೆ ಏನಂತ ಹಾಕೋದು? ಲಾ ಪಾಸ್‌ನವರು ಹೇಳಿದ್ರಂತೆ, ಇಷ್ಟೊಂದು ಖಾಲಿ ಬಿಟ್ರೆ ಅಚ್ಚಾಗಲ್ಲ ಅಂತ. ಅವತ್ತೂ ಇಲ್ಲೇ ಕೂತಿದ್ದ. ಬೆಂಕಿ ನೋಡ್ತಾ ಅವನೇ ಹೇಳ್ಕೊಂಡ. 'ನಮ್ಮ ಜನ ನೋವಿದ್ರೆ ಓಡಿ ಬರ್ತಾರೆ, ವಾಸಿಯಾದ್ರೆ ಡಾಕ್ಟರನ್ನ ಮರೀತಾರೆ. ಅಲ್ವಾ ಕಮಾದ್ರೆ? ಬಂದಿಲ್ಲ ಅಂದ್ರೆ ಗುಣವಾಗಿದಾರೆ ಅಂತಲೇ ಅರ್ಥ.' ನಿಜ ತಾನೇ ಅದು? ಇಲ್ಲಿ ಹುಟ್ಟಿದ ಯಾರನ್ನ ಬೇಕಾದ್ರೂ ಕೇಳು, ಹಾಗೇ ಹೇಳ್ತಾರೆ. ಹಲ್ಲು ನೋವು ಹೋದವನು ಹಲ್ಲಿನ ಡಾಕ್ಟರ್ ಮನೆಗೆ ಹಬ್ಬಕ್ಕೆ ಹೋಗ್ತಾನಾ?

ಹಾಗೇ ಅಚ್ಚಾಯ್ತು. ಇದೇ ಶನಿವಾರ ಪದಕ. ಈ ಕಡೆಯವನೊಬ್ಬನಿಗೆ, ಬೆಟ್ಟದವನಿಗೆ, ನನ್ನ ಹಾಲು ಕುಡಿದವನಿಗೆ! ಅವನಿಗೋಸ್ಕರ ಫಾಬಿಯಾನಾ ಹೊಸ ಶಾಲು ನೇಯ್ದಿದಾಳೆ, ಕಣ್ಣು ಕಾಣಲ್ಲ ಅವಳಿಗೆ, ಬೆರಳಲ್ಲೇ ಎಳೆ ಎಣಿಸಿ. ಈಗ ನೀನು ಬಂದಿದೀಯ. ಬರದೇ ಇದ್ದವರ ಮನೆಮನೆ ಹುಡುಕ್ಕೊಂಡು. ಲಾ ಪಾಸ್‌ನವರು ಬರೆದಾಗ ಯಾರು ಹೋಗಿ ನೋಡಿದ್ರು, ಹೇಳು? ಅವರ ರೋಗಿಗಳ ಬಾಗಿಲು ತಟ್ಟಿದ್ರಾ ಯಾರಾದ್ರೂ? ನಮ್ಮವನು ಒಂದು ಸಲ ತಲೆ ಎತ್ತಿದ್ದಕ್ಕೆ ನಮ್ಮವಳೇ ಕಲ್ಲು ಎತ್ಕೊಂಡು ಬಂದ್ಲು! ಕತ್ತಿ ಹಿಡಿಯೋದು ಅವನು ಕಲಿಸಿದ, ಬರೆಯೋದು ಅವನು ಕಲಿಸಿದ. ಉಂಡ ಮನೆಗೆ ಎರಡು ಬಗೀಬೇಡ ನೆಲಿದಾ.

ತಲೆ ತಗ್ಗಿಸಬೇಡ. ಬೈದಿದ್ದಲ್ಲ... ಹೂಂ, ಬೈದದ್ದೇ. ಆದ್ರೂ ತಿನ್ನು.

ಏನು? ಜೋರಾಗಿ ಹೇಳು, ಈ ಕಿವಿ ಮಂದ.

ಬೇರೆ ಆಸ್ಪತ್ರೆಗಳಲ್ಲೂ? ಅವನು ಬರೆದದ್ದು ಓದಿ? ಗಣಿ ಊರುಗಳಲ್ಲೂ, ಕೆಳಗೆ ಕಾಡಿನ ಕಡೇನೂ... ಅದೇ ಥರ, ಯಂತ್ರ ಇಲ್ಲದೆ, ಬೆರಳಲ್ಲೇ ಹುಡುಕಿ? ಓಹೋ. ಒಳ್ಳೇದಾಯ್ತಲ್ಲ. ಅವರಿಗೂ ಒಳ್ಳೇದಾಗ್ಲಿ. ಮಕ್ಕಳಿಗೂ ಹಾಕ್ತಾರಾ? ಗಣಿ ಊರಲ್ಲಿ ಹದಿನಾರರ ಹುಡುಗಿಗಾ... ಹೂಂ.

ಒಬ್ಬೊಬ್ಬರಿಗೆ ತಿರುಪು ತೂತಿಗೆ ಬೀಳದೆ ಪಕ್ಕಕ್ಕೆ ಹೋಗಿರತ್ತೆ ಅಂತೀಯ. ಮೊದಮೊದಲು ಗೊತ್ತಾಗಲ್ಲ, ನಡೀತಾರೆ, ಕುಣೀತಾರೆ, ಆಮೇಲೆ ಕಾಲು ತಿರುಗ್ತಾ ಬರತ್ತೆ, ಗಿಡ್ಡ ಆಗತ್ತೆ ಅಂತೀಯ. ಅಂಥವರು ಎಷ್ಟು ಜನ ಅಂತ ಗೊತ್ತಾದ್ರೆ ಹಾಕೋ ರೀತೀನೇ ಬದಲಾಯಿಸಬಹುದು ಅಂತೀಯ. ಇರಬಹುದಮ್ಮ. ನನಗೇನು ಗೊತ್ತು? ನಾನು ಓದಿದವಳಲ್ಲ. ನನ್ನದು ಚೆನ್ನಾಗಿದೆ. ನಿನ್ನೆ ತಾನೇ ಹೊಲದವರೆಗೆ ಹೋಗಿ ಬಂದೆ.

ಸಾಕು, ಹೊತ್ತಾಯ್ತು. ಕೆಳಗೆ ಹೋಗೋ ಲಾರಿ ಬರೋ ಹೊತ್ತು, ಇದು ತಪ್ಪಿದ್ರೆ ನಾಳೇನೇ. ಏಳು ಮಗಳೇ. ತಟ್ಟೆ ಅಲ್ಲೇ ಬಿಡು. ಕೋಕಾ ಎಲೆ ಒಂದು ಹಿಡಿ ತಗೊಂಡು ಹೋಗು, ದಾರೀಲಿ ಬಾಯಾಡಿಸೋಕೆ. ದೇವರು ಒಳ್ಳೇದು ಮಾಡ್ಲಿ. ಬಾಗಿಲು ಹಾಕ್ಕೊಂಡು ಹೋಗು, ಕೋಳಿ ನುಗ್ಗುತ್ವೆ.

...ಯಾಕೆ ನಿಂತೆ?

ಹೋಗೇ. ಏನು ನೋಡ್ತೀಯ? ಗೊತ್ತು, ಗೊತ್ತು. ಬಂದವರನ್ನ ದಾರಿವರೆಗೆ ಬಂದು ಕಳಿಸಿಕೊಡಬೇಕು, ಹೊಸಿಲಲ್ಲಿ ಭೂಮಿತಾಯಿಗೆ ಒಂದು ಹನಿ ಜೋಳದ ಹೆಂಡ, ಚಿಚಾ ಚೆಲ್ಲಬೇಕು. ಇಲ್ಲದಿದ್ರೆ ಬಂದವರಿಗೂ ಕೇಡು, ಮನೆಗೂ ಕೇಡು. ಯಾರು ಹೇಳಿಕೊಟ್ರು ಇದನ್ನ ಪಟ್ಟಣದ ಹುಡುಗಿಗೆ? ನಿನ್ನಜ್ಜೀನೂ ಈ ಕಡೆಯವಳಾ? ಇವತ್ತೊಂದು ದಿನ ಬಿಡು. ಉಣ್ಣೆ ಇದೆ ಅಂದೆನಲ್ಲ ಮಡಿಲಲ್ಲಿ... ಸಿಕ್ಕಾಗತ್ತೆ...

ಹೊರಡೇ! ಲಾರಿ ತಪ್ಪತ್ತೆ. ಹಾಗೆ ಬಾಗಿಲಲ್ಲಿ ನಿಂತ್ಕೋಬೇಡ.

ನನ್ನ ಕಾಲು ನೋಡಬೇಡ. ಮುಖ ನೋಡಿ ಮಾತಾಡು.

ಅಯ್ಯೋ ದೇವರೇ... ಬಾ. ಬಾ ಇಲ್ಲಿ. ತೆಗಿ ಈ ಉಣ್ಣೆ. ಕಂಬಳೀನೂ ತೆಗಿ. ನೋಡು. ಪಾದ ಯಾವ ಕಡೆ ತಿರುಗಿದೆ ನೋಡು, ಬಾಗಿಲ ಕಡೆ ನನ್ನ ಮುಖ, ಗೋಡೆ ಕಡೆ ನನ್ನ ಕಾಲ್ಬೆರಳು. ಮುಟ್ಟು, ಪರವಾಗಿಲ್ಲ. ಸಲಾಕೆ ತುದಿ ಅದೇ, ಚರ್ಮದ ಕೆಳಗೆ. ಬೆಳಿಗ್ಗೆ ಮೊಮ್ಮಗಳು ಎತ್ತಿ ಇಲ್ಲಿ ಕೂರಿಸಿ ಹೊಲಕ್ಕೆ ಹೋಗ್ತಾಳೆ, ಸಂಜೆ ಬಂದು ಎತ್ತಿ ಮಲಗಿಸ್ತಾಳೆ. ರೇಡಿಯೋ ನಾನೂ ಕೇಳಿದೆ ಕಣೇ. ಬಂದು ತೋರಿಸಿ ಅಂದ್ರು. ಲಾರಿ ಹತ್ತೋ ಕಾಲು ಇದ್ದಿದ್ರೆ ತೋರಿಸೋದೇನಿತ್ತು? ಎತ್ತಿಕೊಂಡು ಹೋಗ್ತೀನಿ ಅಂದ್ಲು ಮೊಮ್ಮಗಳು. ಕಂಪಾದ್ರೆ ಕಣ್ಣ ಮುಂದೆ, ಅಷ್ಟು ಜನ ಕೋಳಿ ಹಿಡ್ಕೊಂಡು ನಗ್ತಿರೋವಾಗ, ಮೂಟೆ ಥರ ಹೊರಿಸ್ಕೊಂಡು ಹೋಗಿ 'ನೀನು ಕೊಟ್ಟದ್ದು ಕೆಟ್ಟೋಯ್ತು' ಅನ್ಲಾ? ನನ್ನ ನಾಲಿಗೆ ಸೇದಿಹೋಗಲ್ವಾ?

ಅವನಿಗೆ ಗೊತ್ತಾ ಅಂತ ಕೇಳ್ತಿದೆ ನಿನ್ನ ಕಣ್ಣು. ನಾನು ಕೇಳ್ತೀನಿ ಮೊದಲು, ಅವನೇ ಕಳಿಸಿದ್ನಾ ನಿನ್ನ? ... ಹೋಗಬೇಡ ಅಂದ್ನಾ?

ಹೂಂ. ಗೊತ್ತಾಯ್ತು ಬಿಡು.

ಅಳಬೇಡ, ಡಾಕ್ಟರಮ್ಮ ಅಳಬಾರದು. ಪೆನ್ನು ತೆಗಿ. ಬರ್ಕೋ, ಯಾರ್ಯಾರು ಏನಾದ್ರು ಅಂತ. ಮೇಲಿನ ಕೇರಿ ಕಾಸಿಯಾನೋ, ಲಾರಿ ಓಡಿಸ್ತಿದ್ನಲ್ಲ, ಅವನ ಕಾಲೂ ಗಿಡ್ಡ ಆಯ್ತು. ಬ್ರೇಕ್‌ಗೆ ಎಟುಕದೆ ಲಾರಿ ಮಾರಿದ. ಈಗ ರಸ್ತೆ ಬದೀಲಿ ಕೂತು ಬೇರೆಯವರ ಲಾರಿಗೆ ಕೈ ಬೀಸ್ತಾನೆ. ಹಿಲಾರಿಯಾ ಕಥೆ ಕೇಳ್ಬೇಡ, ನಡೆಯೋದೇನೋ ನಡೀತಾಳೆ, ಕೋಲೂರಿ. ಗಂಡ ಕಿತ್ತಳೆ ಕೊಯ್ಯೋಕೆ ಅಂತ ಗಡಿ ದಾಟಿದವನು ಅಲ್ಲೇ ಇನ್ನೊಬ್ಬಳನ್ನ ಮಾಡ್ಕೊಂಡ. ತೆಯೋದೋರೋ ಸತ್ತೇಹೋದ, ಸಲಾಕೆ ಹಾಕಿದ ವರ್ಷವೇ, ಕೀವಾಗಿ. ಅವನ ಮನೆಯವರು ರೋಮುಲೋಗೆ ಹೇಳಲಿಲ್ಲ. ಆ ವಾರವೇ ತೆಯೋದೋರೋ ಮಗಳ ಕೂದಲಿಗೆ ಕತ್ತರಿ ಹಾಕೋಕೆ ರೋಮುಲೋನ ಕರೆದಿದ್ರು. ಬಂದಿದ್ದ, ಉಂಡಿದ್ದ, 'ತೆಯೋದೋರೋ ಎಲ್ಲಿ?' ಅಂದ್ರೆ 'ಗಣಿ ಕೆಲಸಕ್ಕೆ ಹೋದ' ಅಂದ್ರು. ಅವನೂ ಗುಣವಾದವರ ಲೆಕ್ಕದಲ್ಲಿದಾನೆ, ಸತ್ತವನು.

ನದಿ ಆಚೆ ಇನ್ನೂ ಇದಾರೆ. ಮನೆ ತೋರಿಸೋಕೆ ಮೊಮ್ಮಗಳನ್ನ ಕಳಿಸ್ತೀನಿ. ಸತುರ್ನಿನಾ ಹೇಳಿದ್ಲು ಅಂತ ಅನ್ನು, ಬಾಗಿಲು ತೆಗೀತಾರೆ.

ಫಾಬಿಯಾನಾ ಶಾಲು ಮುಗಿಸಿದಾಳೆ. ಶನಿವಾರ ಹೊದ್ದುಕೊಂಡು ಹೋಗ್ತಾನೆ ಮಗ, ಪದಕ ಹಾಕಿಸ್ಕೋತಾನೆ, ಹಾಕಿಸ್ಕೊಳ್ಲಿ. ಆಮೇಲೆ ನೀನು ಬರೆದದ್ದು ಅಚ್ಚಾದ್ರೆ ಅದೇ ದೊಡ್ಡ ಮನುಷ್ಯರು ಅವನ ಕಡೆ ಬೆರಳು ತೋರಿಸ್ತಾರೆ, ಬೆಟ್ಟದವರ ಕೈಲಿ ಪೆನ್ನು ಕೊಟ್ರೆ ಹೀಗೇ ಅಂತಾರೆ. ಅನ್ನಲಿ. ಗಣಿ ಊರಿನ ಆ ಹುಡುಗಿಗೆ ಹದಿನಾರು ಅಂದ್ಯಲ್ಲ... ಅವಳು ಯಾರ ಕಮಾದ್ರೇನೂ ಅಲ್ಲ.

ಬೆಂಕಿ ನೋಡ್ತಾ ಕೂತಿದ್ದ ಆ ದಿನವೂ ನನ್ನ ಮಡಿಲಲ್ಲಿ ಇದೇ ಉಣ್ಣೆ ಇತ್ತು, ಅವನು ಈ ಕಡೆ ತಿರುಗಲಿಲ್ಲ. ಆಮೇಲಿಂದ ಪ್ರತಿ ಹಬ್ಬಕ್ಕೂ ಅವನ ಜೀಪು ಈ ಗೋಡೆ ಕೆಳಗೆ ನಿಲ್ಲತ್ತೆ. ಇಳಿಯಲ್ಲ. ಎಂಜಿನ್ ನಿಲ್ಲಿಸಲ್ಲ. 'ಕಮಾದ್ರೆ, ಕಾಲು ಹೇಗಿದೆ?' ಅಂತಾನೆ ಕೂತಲ್ಲಿಂದಲೇ. 'ಚೆನ್ನಾಗಿದೆ ಕಂಪಾದ್ರೆ!' ಅಂತೀನಿ ನಾನು, ಕೂತಲ್ಲಿಂದಲೇ. ನನ್ನ ಹಾಲು ಕುಡಿದ ಮಗು ಅದು. ಒಳಗೆ ಬಂದ್ರೆ ನೋಡಬೇಕಾಗತ್ತೆ ಅಂತ ಹೊರಗೇ ನಿಲ್ತಾನೆ.

ಇನ್ನು ನಾನು. ಚೆನ್ನಾಗಿದೆ ಅಂತ ಬರ್ಕೊಂಡಿದೀಯಲ್ಲ, ಅದನ್ನ ಹೊಡೆದುಹಾಕು. ಬಂದವಳನ್ನ ಕಳಿಸಿಕೊಡೋಕೆ ಸತುರ್ನಿನಾ ಬಾಗಿಲವರೆಗೆ ಬರಲಿಲ್ಲ ಅಂತ ಬರಿ. ಅಷ್ಟು ಸಾಕು, ಇಲ್ಲಿಯವರಿಗೆ ಅರ್ಥ ಆಗತ್ತೆ.