ಮೊಣಕಾಲೂರಿದ ಸಭೆ

ಮೂಳೆ ಡಾಕ್ಟರಿಗಾಗಿ ಕಾಯುತ್ತಿದ್ದ ದರ್ಜಿಯ ಕತ್ತು ಹಿಂದಕ್ಕೆ ತಿರುಗುತ್ತಿರಲಿಲ್ಲ, ಕಿವಿಗೇನೂ ಆಗಿರಲಿಲ್ಲ. ಹಿಂದಿನ ಬೆಂಚಿನಲ್ಲಿ ವಯಸ್ಸಾದ ಗಂಡ ಹೆಂಡತಿ.

“ಮಂಡಿ ಹಿಡ್ಕೊಂಡಿದೆ, ಏಳಕ್ಕಾಗ್ತಿಲ್ಲ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

“ಚರ್ಚಲ್ಲಿ ಹೇಗೇ ಹೇಳೋದು? ಪ್ರಾರ್ಥನೆ ನಡೀತಿತ್ತು.”

“ಪ್ರಾರ್ಥನೆ ಯಾವಾಗ್ಲೋ ಮುಗಿದಿತ್ತು ರೀ! ಸಭೆಯ ಹಿರಿಯರು ನೀವು. ಹಿರಿಯರು ಏಳದೆ ಯಾರೂ ಏಳಬಾರದು ಅಂತ ಕಲಿಸಿದೋರೂ ನೀವೇ. ಪಾದ್ರಿಗಳೂ ಸೇರಿ ಅಷ್ಟೂ ಜನ ಮೊಣಕಾಲೂರಿಕೊಂಡೇ ಇದ್ರು. ಮಕ್ಕಳು ಅಲ್ಲೇ ನಿದ್ದೆ ಹೋದ್ವು.”

“ಎಂಥಾ ಭಕ್ತಿ ಅಂತ ಎಲ್ರೂ ಹೊಗಳಿದ್ರಲ್ಲ.”

“ಹೊಗಳಿಸ್ಕೊಂಡು ಸುಮ್ನಿದ್ರಲ್ಲ, ಅದಕ್ಕೇ ನಂಗೆ ಮೈಯೆಲ್ಲ ಉರಿಯೋದು! ಮುಪ್ಪು ದೇವರ ಕೊಡುಗೆ, ಸಂತೋಷವಾಗಿ ತಗೋಬೇಕು ಅಂತ ಊರಿಗೆಲ್ಲ ಹೇಳ್ತೀರಿ.”

“ತಗೊಂಡಿದೀನಲ್ಲ. ಮುಪ್ಪಿನಲ್ಲೂ ಹೊತ್ಕೊಂಡು ಹೋಗ್ತೀನಿ ಅಂತ ದೇವರೇ ಮಾತು ಕೊಟ್ಟಿದಾನೆ.”

“ಹೊರೋಕೆ ಅವನಿದಾನೆ, ಸರಿ. ಪಕ್ಕದಲ್ಲಿ ನನ್ನನ್ನ ಯಾತಕ್ಕೆ ಕೂರಿಸಿದಾನೆ?”

ನರ್ಸ್ ಬಂದು ಅವರನ್ನು ಒಳಗೆ ಕರೆದಳು. ಬೆಂಚು ಕಿರುಗುಟ್ಟಿತು, ಮತ್ತೆ ಕಿರುಗುಟ್ಟಿತು. ಎದ್ದ ಸದ್ದು ಮಾತ್ರ ಕೇಳಲಿಲ್ಲ.

“ಲೇ, ಸ್ವಲ್ಪ ಕೈ ಹಿಡ್ಕೊಳೇ.”

“ಬನ್ನಿ, ಏಳಿ.”

ಎರಡು ಜೊತೆ ಚಪ್ಪಲಿಗಳು ನಿಧಾನವಾಗಿ ದರ್ಜಿಯನ್ನು ದಾಟಿದವು. ಬಾಗಿಲ ಹತ್ತಿರ ಅವಳ ದನಿ ಮತ್ತೆ ಏರಿತು:

“ಈ ಒಂದು ಮಾತು ಭಾನುವಾರ ಬಾಯಿಂದ ಬಂದಿದ್ರೆ, ಸಭೆಯೋರೆಲ್ಲ ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದ್ರು!”