ಗೋದಾಮಿನ ಹತ್ತಿರ ಸಿಕ್ಕಿದ್ದು

ಇಲ್ಲ ಸಾರ್, ಈ ಕಂಬಿಗಳ ಸಂದು ದೊಡ್ಡದಾಯ್ತು. ನೋಡಿ, ನನ್ನ ಮುಷ್ಟಿ ಹೋಗತ್ತೆ. ಮುಷ್ಟಿ ಹೋದ ಕಡೆ ನಾಯಿ ಮೂತಿ ಹೋಗತ್ತೆ, ಮೂತಿ ಹೋದಮೇಲೆ ತಲೆ ತೂರಿಸದೆ ಬಿಡಲ್ಲ. ಕೆಳಗೆ ನೇರ ರಸ್ತೆ. ಬಾಲ್ಕನಿಗೆ ಒಂದು ಜಾಲರಿ ಕಟ್ಟಿಸಿಬಿಡಿ. ತಂತಿದು ಬೇಡ, ಪ್ಲಾಸ್ಟಿಕ್‌ದು ಸಾಕು.

ನಗ್ತೀರಾ? ನಗಿ, ನಗಿ. ನಿಮ್ಮ ಅಂಗಡಿಗೆ ಕನ್ನಡಕ ಮಾಡಿಸೋಕೆ ಬಂದವರನ್ನ ನೀವು ಸುಮ್ನೆ ಬಿಡ್ತೀರಾ? ಈ ಸಾಲು ಕಾಣತ್ತಾ, ಆ ಸಾಲು ಕಾಣತ್ತಾ ಅಂತ ತಲೆ ತಿನ್ನಲ್ವಾ? ಹಾಗೇ ಇದೂ. ಬೀದಿ ನಾಯಿಗಳಿಗೆ ಮನೆ ಹುಡುಕೋ ನಮ್ಮ ಬಳಗದ ನಿಯಮ ಅದು. ಮನೆ ನೋಡದೆ ನಾಯಿ ಕೊಡಲ್ಲ. ಮನೆ ನೋಡೋ ಕೆಲಸ ಯಾವಾಗಲೂ ನನ್ನದೇ. ನಾನು ನೀರಿನ ಪರೀಕ್ಷೆ ಮಾಡೋ ಲ್ಯಾಬಿನಲ್ಲಿ ಇರೋಳು, ನೋಡು ಅಂದರೆ ಒಂದೊಂದಾಗಿ ನೋಡ್ತೀನಿ. ಅದಕ್ಕೇ ನನ್ನ ತಲೆಗೆ ಕಟ್ಟಿದ್ದಾರೆ.

ಒಳಗೆ ಬರೋಣ. ಬಾ, ಗೋದಾಮು. ಗೋದಾಮು... ಇರಲಿ ಬಿಡಿ, ಬರತ್ತೆ.

ಹೆಸರಾ? ಸಿಕ್ಕಿದ ಜಾಗದ ಹೆಸರೇ ಇಡೋದು ಸಾರ್ ನಾವು. ಪೆಟ್ರೋಲ್ ಬಂಕ್ ಅಂತ ಒಂದಿದೆ. ಸೇತುವೆ ಅಂತ ಒಂದು. ಮರಿಗಳೆರಡು ಬ್ಯಾಂಕ್ ಮುಂದೆ ಸಿಕ್ಕಿದ್ವು, ಉಳಿತಾಯ, ಚಾಲ್ತಿ ಅಂತ ಇಟ್ವಿ. ಇದು ಗೋದಾಮಿನ ಹತ್ತಿರ ಸಿಕ್ಕಿದ್ದು, ಅದಕ್ಕೆ ಗೋದಾಮು. ಅದಕ್ಕಿನ್ನೂ ಅಭ್ಯಾಸ ಆಗಿಲ್ಲ. ನೀವು ನಿಮಗಿಷ್ಟ ಬಂದಿದ್ದು ಇಟ್ಕೊಳ್ಳಿ.

ಈ ವೈರು ಮೇಲೆ ಎತ್ತಿಡಬೇಕು. ಫಿನೈಲ್ ಬಾಟ್ಲಿ ಕೆಳಗಿಡಬೇಡಿ. ನೀರಿನ ಬಟ್ಟಲು ಇಲ್ಲಿ, ಈ ಮೂಲೆಗೆ. ಊಟ ಕೊಟ್ಟು ತಟ್ಟೆ ಪಕ್ಕದಲ್ಲೇ ನಿಂತ್ಕೋಬೇಡಿ, ನಿಮ್ಮ ತಟ್ಟೇಲಿ ಯಾರಾದರೂ ಬಗ್ಗಿ ನೋಡ್ತಾ ನಿಂತರೆ ಹೇಗಿರತ್ತೆ? ಚುಚ್ಚುಮದ್ದು ಎಲ್ಲಾ ಆಗಿದೆ, ವರ್ಷಕ್ಕೊಮ್ಮೆ ಮರೀದೆ ಹಾಕಿಸಿ. ಮರಿ ಆಗದ ಹಾಗೆ ಆಪರೇಷನ್ನೂ ಆಗಿದೆ. ಮತ್ತೆ ಸರಪಳಿ... ಸರಪಳಿ ಹಾಕಲ್ಲ ಅಂದಿರಿ, ಆಯ್ತು.

ಯಾಕೆ ಬೇಕು ನಾಯಿ ಅಂತ ಕೇಳಬೇಕು. ಅದೂ ನಿಯಮ. ಹೇಳಿ... ಡಾಕ್ಟರು ದಿನಾ ನಡೀರಿ ಅಂದ್ರಾ? ಒಬ್ಬರೇ ನಡೆಯೋಕೆ ಬೇಜಾರಾ? ಒಳ್ಳೇ ಕಾರಣನೇ. ನೀವು ಸೋಮಾರಿತನ ಮಾಡಿದರೂ ಇದು ಬಿಡಲ್ಲ, ಚಪ್ಪಲಿ ಕಚ್ಕೊಂಡು ಬಂದು ಮುಂದಿಡತ್ತೆ.

ಹಾಂ? ಇಲ್ಲ... ಇಡತ್ತೆ ಅನ್ಸತ್ತೆ. ಸಾಮಾನ್ಯವಾಗಿ ನಾಯಿಗಳು ಇಡ್ತವೆ.

ಟೀ ಬೇಡ ಸಾರ್. ಆಯ್ತು, ಅರ್ಧ ಲೋಟ. ಬಿಸ್ಕತ್ತು ಕೊಡಬಹುದು, ಒಂದು. ಇಲ್ಲಿ ಕೊಡಿ, ನಾನು ಮುರಿದು ಕೊಡ್ತೀನಿ. ಅರ್ಧ ಅದಕ್ಕೆ... ಅರ್ಧ ನನಗೆ. ಇಡೀದು ಕೊಟ್ಟರೆ ತಿನ್ನಲ್ಲ ಅದು.

ಏನು ನೋಡ್ತಿದ್ದೀರಿ? ಬಾಗಿಲಲ್ಲಾ? ಓ, ಕಾಲೊರೆಸಿದ್ದು ನೋಡಿದ್ರಾ. ಹೂಂ, ಮ್ಯಾಟ್ ಕಂಡರೆ ಕಾಲು ಒರೆಸತ್ತೆ. ಎಲ್ಲೋ ಕಲ್ತಿದೆ. ಗೋದಾಮಿನ ಕಾವಲುಗಾರನ ಕೋಣೇಲಿ ಇದ್ದಿರಬೇಕು. ನಾಯಿಗಳು ಜಾಣ ಸಾರ್.

ಒಂದು ತಮಾಷೆ ಹೇಳ್ತೀನಿ. ನಮ್ಮಲ್ಲಿಗೆ ಜನ ತಮ್ಮ ನಾಯೀನೇ ತಂದು 'ರಸ್ತೇಲಿ ಸಿಕ್ತು' ಅಂತಾರೆ. ಬಿಟ್ಟು ಹೋಗ್ತಿದ್ದೀನಿ ಅನ್ನೋಕೆ ಮುಖ ಇರಲ್ಲ ನೋಡಿ. ನಮ್ಮ ಕಣ್ಣಿಗೆ ಮಣ್ಣೆರಚಬಹುದು ಅಂದ್ಕೋತಾರೆ. ಎರಡು ನಿಮಿಷ ಸಾಕು ನಮಗೆ ಗೊತ್ತಾಗೋಕೆ! ಬೀದಿ ನಾಯಿ ಬಿಸ್ಕತ್ತು ಕಂಡರೆ ಬಾಯಿ ಹಾಕತ್ತೆ, ಮನೆ ನಾಯಿ ಮುಖ ನೋಡತ್ತೆ. ಬೀದಿದು ಮೂಲೆ ಹುಡುಕತ್ತೆ, ಮನೆದು ಕಾಲ ಮೇಲೆ ಕೂರತ್ತೆ. ಒಬ್ಬ ಮಹಾರಾಯ ಬಂದಿದ್ದ. 'ಅಯ್ಯೋ ಪಾಪ, ಯಾರದೋ ಏನೋ, ಚರಂಡಿ ಪಕ್ಕ ಬಿದ್ದಿತ್ತು' ಅಂತ ಕಣ್ಣಲ್ಲಿ ನೀರು. ನಾಯಿ ನಮಗೆಲ್ಲಾ ಸರದಿ ಪ್ರಕಾರ ಕೈ ಕೊಡ್ತು. ಆಮೇಲೆ ಹೋಗಿ ಅವನ ಸ್ಕೂಟರಿನ ಮುಂದುಗಡೆ ತಾನೇ ಹತ್ತಿ ಕೂತ್ಕೊಂಡ್ತು! ಹೋಗೋಣ ಅಂತ.

ಅವನಿಗೆ ನಾನು ಎಷ್ಟು ಬೈದೆ ಗೊತ್ತಾ? ಸುಳ್ಳು ಹೇಳಿ ನಾಯಿ ಸಾಗಹಾಕೋರನ್ನ ನಾನು ಬಿಡಲ್ಲ. ಯಾಕಂದ್ರೆ ಸಾರ್, ಹೊಸಬರಿಗೆ ನಿಜ ಗೊತ್ತಿರಬೇಕು. ಅದು ಯಾಕೆ ಅಳತ್ತೆ, ಯಾವುದಕ್ಕೆ ಹೆದರತ್ತೆ, ಯಾರನ್ನ ಹುಡುಕತ್ತೆ... ಗೊತ್ತಿಲ್ಲದೆ ಅವರೇನು ಮಾಡಬೇಕು?

ಯಾಕೆ ನನ್ನ ಕಾಲು ನೋಡ್ತಿದ್ದೀರಿ?

ಏ, ಏಳು. ಏಳೋ. ಸೆಕೆ ಆಗತ್ತೆ ಕಾಲ ಮೇಲೆ... ಬಂದ ದಾರೀಲಿ ಸುಸ್ತಾಗಿದೆ ಸಾರ್. ನಡೆಸ್ಕೊಂಡೇ ಬಂದೆ. ಇದು ಬಸ್ಸು ಹತ್ತಲ್ಲ.

ಈ ಚೀಲ ನಿಮಗೆ. ಅದರ ಬಟ್ಟೆ ಇದೆ ಒಳಗೆ. ಹಳೇ ಜಾಗದ ವಾಸನೆ ಇರೋದು ಏನಾದರೂ ಒಂದು ಜೊತೆಗೆ ಕೊಡ್ತೀವಿ ನಾವು. ಮೊದಲ ವಾರ ಅದರ ಮೇಲೇ ಮಲಗಲಿ, ತೊಳೀಬೇಡಿ. ತೊಳೆದರೆ ವಾಸನೆ ಹೋಗಿಬಿಡತ್ತೆ. ಹೋದರೆ ಮತ್ತೆ ಬರಲ್ಲ.

ಹೂಂ, ಸ್ವೆಟರ್. ಸಾಮಾನ್ಯವಾಗಿ ಗೋಣಿಚೀಲ ಇರತ್ತೆ, ಇದಕ್ಕೆ ಸ್ವೆಟರ್ ಸಿಕ್ಕಿದೆ, ಅದೃಷ್ಟ! ಯಾರೋ ದಾನ ಕೊಟ್ಟಿದ್ದು. ಹೆಂಗಸರದು. ಮೊಣಕೈ ಹತ್ತಿರ ತೇಪೆ ಹಾಕಿದೆ... ಜೇಬಲ್ಲಿ ಏನಿದೆ? ಕೊಡಿ ಇಲ್ಲಿ. ಏನಿಲ್ಲ, ಬಸ್ ಟಿಕೆಟ್ಟು. ಹಳೇದು. ದಾನ ಕೊಡೋರು ಜೇಬು ನೋಡಲ್ಲ.

ನಾನು ಹೊರಡೋ ರೀತಿ ಹೇಳಿಬಿಡ್ತೀನಿ. ನಾನು ಮುಟ್ಟಲ್ಲ, ಬೈ ಅನ್ನಲ್ಲ. ಎದ್ದು ನೀರು ಕುಡಿಯೋಕೆ ಹೋದ ಹಾಗೆ ಹೋಗಿಬಿಡ್ತೀನಿ. ನೀವು ಆಗ ಅದರ ಗಮನ ಬೇರೆ ಕಡೆ ಎಳೀಬೇಕು. ಚೆಂಡು, ಬಿಸ್ಕತ್ತು, ಏನಾದರೂ. ಅತ್ತರೆ ಅಳಲಿ. ಎರಡು ದಿನ ಅಳತ್ತೆ, ಆಮೇಲೆ ಮರೆಯತ್ತೆ. ನಾಯಿಗಳು ಮರೀತವೆ ಸಾರ್, ಮರೀತವೆ. ಎಲ್ಲರಿಗೂ ಹೀಗೇ ಹೇಳ್ತೀನಿ.

ಈಗ ಹೊರಟೆ ಅಂದರೆ...

ಏನಾಯ್ತು ಇದಕ್ಕೆ? ಕಿವಿ ನಿಮಿರಿಸ್ತು. ಬಸ್ ಶಬ್ದಕ್ಕೆ ಸಾರ್. ಏನಿಲ್ಲ, ದೊಡ್ಡ ಗಾಡಿ ಅಂದರೆ ಭಯ ಇದಕ್ಕೆ. ಬೀದೀಲಿ ಬೆಳೆದಿದ್ದಲ್ವಾ, ಯಾವುದೋ ಲಾರಿ ಗೀರಿ ತಾಗಿರಬೇಕು... ಬಾಲ್ಕನಿ ಬಾಗಿಲು ಹಾಕಿದ್ರಾ? ಇಲ್ವಾ?

ಗೋದಾಮು! ಬಾ ಇಲ್ಲಿ! ಗೋದಾಮು!

ಹೋಯ್ತು. ಅದೇ ಸಂದು. ಮೂತಿ ತೂರಿಸ್ತು ನೋಡಿ, ಹೇಳಿರಲಿಲ್ವಾ ನಾನು? ಪರವಾಗಿಲ್ಲ, ಭುಜ ಹೋಗಲ್ಲ. ಬೀಳಲ್ಲ. ಅಷ್ಟು ಅಳತೆ ನನಗೆ ಗೊತ್ತು.

ಈ ಕಡೆಗೂ ಬರತ್ತಾ ಈ ಬಸ್ಸು? ಕೆಳಗೆ ನಿಮ್ಮ ಅಂಗಡಿ ಮುಂದೇ ಸ್ಟಾಪಾ? ದಿನಾನಾ? ದಿನಾ ಇದೇ ಹೊತ್ತಿಗಾ?

ಸಂದು ನೋಡ್ದೆ, ವೈರು ನೋಡ್ದೆ, ಫಿನೈಲ್ ನೋಡ್ದೆ. ರಸ್ತೆ ನೋಡ್ಲಿಲ್ಲ.

ಭಯ ಸಾರ್, ಭಯಕ್ಕೇ... 

ಯಾಕೆ ಹಾಗೆ ನೋಡ್ತೀರಿ ನನ್ನ? ಬಾಲ ನೋಡಿ ಅಂತೀರಾ? ನೋಡ್ತಿದ್ದೀನಿ. ಆಡಿಸ್ತಿದೆ. ಭಯ ಆದರೆ ಆಡಿಸಲ್ಲ, ಅದು ನನಗೂ ಗೊತ್ತು. ಮಂಚದ ಕೆಳಗೆ ಹೋಗಬೇಕಿತ್ತು.

ಏನಾದರೂ ಅನ್ನಿ ಸಾರ್. ಬೈಯೋದಾದರೆ ಬೈರಿ. ಸ್ಕೂಟರಿನವನಿಗೆ ನಾನು ಬೈದ ಹಾಗೆ.

ಸ್ವೆಟರ್ ಯಾಕೆ ಮಡಿಚ್ತಿದ್ದೀರಿ?

ಅಕ್ಕಂದು ಅದು.

ಗೋದಾಮಿನ ಹತ್ತಿರ ಸಿಕ್ಕಿದ್ದು ಸುಳ್ಳಲ್ಲ. ಅಲ್ಲೇ ಸಿಕ್ಕಿದ್ದು. ಅಂಗೈಯಷ್ಟು ಇತ್ತು, ನಾನೇ ಎತ್ಕೊಂಡು ಬಂದಿದ್ದೆ ಯಾರಿಗಾದರೂ ಕೊಡೋಣ ಅಂತ. ಒಂದು ರಾತ್ರಿ ಮಾತ್ರ ಅಂದಿದ್ದೆ ಮನೇಲಿ. ಅಕ್ಕ ಬೆಳಗ್ಗೆ ಎದ್ದು, 'ಇದನ್ನ ಯಾರಿಗೆ ಕೊಡ್ತೀಯೋ ನೋಡ್ತೀನಿ' ಅಂದಳು. ಮುಗೀತು. ಅವಳು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡೋಳು. ದಿನಾ ಈ ಬಸ್ಸಿಗೆ ಬರೋಳು. ಇಲ್ಲಿಂದ ಮುಂದೆ ನಮ್ಮ ಸ್ಟಾಪಿಗೇ ಹೋಗತ್ತೆ ಇದು. ಈ ನಾಯಿ ನಮ್ಮ ಗೇಟಿನ ಹತ್ತಿರ ಕಾಯ್ತಾ ನಿಂತಿರೋದು. ಇಳಿದ ತಕ್ಷಣ ಬಿಸ್ಕತ್ತು ಮುರಿಯೋಳು, ಅರ್ಧ ಇದಕ್ಕೆ, ಅರ್ಧ ಅವಳಿಗೆ.

ಜ್ವರ ಸಾರ್. ಬರೀ ಜ್ವರ ಅಂತ ಕೆಲಸಕ್ಕೆ ಹೋಗಿದ್ದಳು. ಅಲ್ಲೇ ಮಲಗಿಸ್ಕೊಂಡ್ರು. ಅವಳ ರಕ್ತ ಅವಳ ಜೊತೆಯವರೇ ನೋಡಿದ್ರು. ಬಸ್ಸಲ್ಲಿ ಬರಲಿಲ್ಲ ಅಷ್ಟೇ.

ಇದಕ್ಕೆ ಹೇಗೆ ಹೇಳೋದು? ಬಸ್ಸು ಬಂದರೆ ಗೇಟಿಗೆ ಹೋಗತ್ತೆ. ಇದು ಗೇಟಿಗೆ ಹೋದರೆ ಅಮ್ಮ ಒಲೆ ಹಚ್ಚಿ ಕಾಫಿಗೆ ಹಾಲಿಡ್ತಾಳೆ. ಆಮೇಲೆ ಆ ಹಾಲು ಇದರ ಬಟ್ಟಲಿಗೇ ಹೊಯ್ತಾಳೆ. ಮಾತಿಲ್ಲ, ಕತೆಯಿಲ್ಲ. ಮರುದಿನ ಮತ್ತೆ. ನಾನು? ನಾನು ಕಿಟಕೀಲಿ ನಿಂತಿರ್ತೀನಿ. ಇದು ಇಲ್ದೇ ಹೋದರೆ ಯಾರೂ ಗೇಟಿಗೆ ಹೋಗಲ್ಲ, ಹಾಲಿಡಲ್ಲ, ಈ ಕಾಯೋದು ನಿಂತುಹೋಗತ್ತೆ ಅಂತ... ಲೆಕ್ಕ ಹಾಕ್ದೆ. ಒಂದೊಂದಾಗಿ ನೋಡಿದರೆ ಸರಿಯಾಗೇ ಇತ್ತು ಲೆಕ್ಕ.

ಅಮ್ಮನಿಗೆ ಗೊತ್ತಿಲ್ಲ. ಚುಚ್ಚುಮದ್ದಿಗೆ ಕರ್ಕೊಂಡು ಹೋಗ್ತೀನಿ ಅಂತ ಬಂದೆ. ಬಳಗದವರಿಗೂ ಗೊತ್ತಿಲ್ಲ. ಅವರು ನಿಮ್ಮ ಮನೆಗೆ ಪೆಟ್ರೋಲ್ ಬಂಕನ್ನ ಕಳಿಸಬೇಕು ಅಂತಿದ್ರು. ಒಳ್ಳೇದು ಅದು, ಪಾಪದ್ದು. ಬೇಕಾದರೆ ನಾಳೆ ಅದನ್ನ ಕರ್ಕೊಂಡು ಬರೋಕೆ ಹೇಳ್ತೀನಿ. ಬೇರೆ ಯಾರಿಗಾದರೂ.

ಅಳ್ತಿಲ್ಲ ಸಾರ್. ಅಳು ಬರಲ್ಲ ನನಗೆ, ಬಂದೇ ಇಲ್ಲ. ಟೀ ತಣ್ಣಗಾಯ್ತು ಅಂತ ನೋಡ್ತಿದ್ದೆ.

ಹಗ್ಗ ನನ್ನ ಕಡೆ ಸರಿಸಿದಿರಿ. ಹೂಂ. ಸ್ವೆಟರೂ ಮೇಲಿಟ್ಟಿರಿ. ಅರ್ಥ ಆಯ್ತು. ನಿಮ್ಮ ಜಾಗದಲ್ಲಿ ನಾನಿದ್ದರೂ ಇಷ್ಟೇ ಮಾಡ್ತಿದ್ದೆ. ಸಾಗಹಾಕೋಕೆ ಬಂದೋರ ನಾಯಿ ತಗೋಬಾರದು.

ಸರಿ. ನಡೀತೀವಿ ನಾವು. ಕತ್ತಲಾಗೋದ್ರೊಳಗೆ ಹೊರಡಬೇಕು.

ಗೋದಾಮು ಅಂದರೆ ಬರಲ್ಲ ಅದು. ಅದಕ್ಕೇ ಆ ಹೆಸರಲ್ಲಿ ಕರೀತಿದ್ದೆ, ಬಾರದೇ ಇರಲಿ ಅಂತ. ಅದರ ಹೆಸರು ಡಾಕ್ಟ್ರು. ಬಂದವರನ್ನೆಲ್ಲಾ ಮೂಸಿ ನೋಡತ್ತೆ, ಏನಂತ ಮಾತ್ರ ಹೇಳಲ್ಲ, ನಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟ್ರ ಥರಾನೇ ಅಂತ ಅಕ್ಕ ಇಟ್ಟಿದ್ದು. ಅವಳು ಹೋದಮೇಲೆ ಯಾರೂ ಆ ಹೆಸರಲ್ಲಿ ಕರೆದಿಲ್ಲ.

ಡಾಕ್ಟ್ರೇ.

ಏ ಡಾಕ್ಟ್ರೇ, ಬಾ.

ತಿರುಗಿ ನೋಡ್ತು. ನೋಡಿದ್ರಾ ಸಾರ್? ಮತ್ತೆ ಆ ಕಡೆಗೇ ತಿರುಗ್ತು... ಬಸ್ಸು ಹೊರಟುಹೋಯ್ತಲ್ಲೋ. ಯಾರೂ ಇಳೀಲಿಲ್ಲ ಕಣೋ. ನಾನೂ ನೋಡ್ದೆ, ಇಲ್ಲಿಂದಾನೇ ನೋಡ್ತಿದ್ದೆ. ಯಾರೂ ಇಳೀಲಿಲ್ಲ. ಬಾ.