ಮೊದಲು ತೆಗೆಯುವುದು ಮನುಷ್ಯನನ್ನು

ಅಧ್ಯಕ್ಷತೆ ವಹಿಸಿರುವ ಡಾ. ಸಿದ್ದಲಿಂಗೇಶ್ ಅವರೇ, ಅತಿಥಿಗಳೇ, ನಮ್ಮ ಪ್ರಯೋಗಾಲಯದ ಗೆಳೆಯರೇ, ಊಟಕ್ಕೆ ಹೊತ್ತಾದರೂ ಕುಳಿತಿರುವ ಸಭಿಕರೇ,

ಹೊಸಪೇಟೆಯ ಈ ಸೆಕೆಯಲ್ಲಿ ನನಗೆ ಶಾಲು ಹೊದಿಸಿದ್ದೀರಿ. ಸನ್ಮಾನವೋ ಪರೀಕ್ಷೆಯೋ ತಿಳಿಯದು.

ನಮ್ಮ ಕೆಲಸವೇನು? ಕೆಮ್ಮುವವರ ಮೂಗು, ಗಂಟಲಿನಿಂದ ದ್ರವ ತೆಗೆದು, ಈವರೆಗೆ ಯಾರೂ ಕಾಣದ ವೈರಸ್ ಇದೆಯೇ ಎಂದು ನೋಡುವುದು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ ನನ್ನ ಅಕ್ಕ ಗಂಗಾಂಬಿಕಾ ಹೋದ ವರ್ಷ ಕೆಮ್ಮು, ಜ್ವರದಿಂದ ಮಲಗಿದಳು. ಎಲ್ಲರೂ ಗಿರಣಿಯ ಧೂಳು ಎಂದರು. ಗೊತ್ತಿರುವ ಪರೀಕ್ಷೆಗಳೆಲ್ಲ ಏನೂ ಇಲ್ಲವೆಂದವು. ನಾನೇ ದ್ರವ ತೆಗೆಯುವ ಕಡ್ಡಿ ಹಿಡಿದು ಹೋದೆ.

"ಏನ್ ಹುಡುಕ್ತೀಯಲೇ?" ಎಂದಳು.

"ಗೊತ್ತಿಲ್ಲಕ್ಕಾ."

"ಕಳದಿದ್ದು ಏನಂತ ಗೊತ್ತಿಲ್ದ ಹುಡುಕಾಕ ನಿನಗ ಪಗಾರ ಕೊಡ್ತಾರ? ಮಸ್ತ್ ಐತಿ ಬಿಡು. ಹುಡುಕು."

ಅವಳು ಉಳಿಯಲಿಲ್ಲ. ಆರೈಕೆ ಮಾಡಿದ ಮಗಳು ಸೌಜನ್ಯಳೂ ಹಾಗೆಯೇ ಕೆಮ್ಮತೊಡಗಿದಳು. ಇದು ಹರಡುವಂಥದ್ದೇ? ಗಿರಣಿಯ ಆಳುಗಳಿಗೂ ಬರುವುದೇ? ಉತ್ತರವಿದ್ದರೆ ಅಕ್ಕನ ಆ ಹನಿಯಲ್ಲಿರಬೇಕಿತ್ತು.

ಅಂಥ ಹನಿಯಲ್ಲಿ ಏನಿರುತ್ತದೆ ಬಲ್ಲಿರಾ? ಬಹುಪಾಲು ಮನುಷ್ಯನೇ. ಅವನ ಜೀವಕೋಶಗಳ ವಂಶವಾಹಿ ಬರಹ ಕಂಪ್ಯೂಟರಿನಲ್ಲಿ ಲೆಕ್ಕವಿಲ್ಲದಷ್ಟು ಚೂರುಗಳಾಗಿ ಬರುತ್ತದೆ. ಹೊರಗಿನದು ಕಾಣಬೇಕಾದರೆ ಮೊದಲು ಅದನ್ನು ಅಳಿಸಬೇಕು. ಓದದೆ ಅಳಿಸಬೇಕು. ಅದು ನಿಯಮ, ಒಬ್ಬರ ಒಳಗುಟ್ಟು ಇನ್ನೊಬ್ಬರಿಗೆ ಸಿಗಬಾರದೆಂಬ ಒಳ್ಳೆಯ ನಿಯಮ. ಅಕ್ಕನ ಹನಿಯ ಸರದಿ ಬಂದಾಗ, ಅಳಿಸುವ ಗುಂಡಿಯ ಮುಂದೆ ನಾನು ಕುಳಿತಿರಲು, ನಮ್ಮ ಪ್ರಯೋಗಾಲಯದ ಹೇಮಾ ಮೆಲ್ಲಗೆ, "ಸರ್, ನಾ ಒತ್ತಲೇನ್ರಿ?" ಎಂದು ಕೇಳಿದರು. "ಬ್ಯಾಡಮ್ಮ" ಎಂದೆ. ಇದನ್ನೆಲ್ಲ ಹೇಳಬೇಕೆಂದು ನಾನು ಬಂದಿರಲಿಲ್ಲ. ಆ ಚೂರುಗಳಲ್ಲಿ ನಮ್ಮವ್ವನ ಪಾಲಿತ್ತು, ಅಪ್ಪನ ಪಾಲಿತ್ತು, ನನ್ನವೂ ಎಷ್ಟೋ ಇದ್ದವು. ಒತ್ತಿದೆ.

ಉಳಿದದ್ದು ಚಿಟಿಕೆಯಷ್ಟು. ಗೊತ್ತಿರುವ ವೈರಸ್‌ಗಳೊಂದಿಗೆ, ಇದೂ ವೈರಸ್ ಎನ್ನಲು ಸಾಕಾಗುವಷ್ಟು ಮಾತ್ರ ಹೋಲಿಕೆ, ಮಿಕ್ಕಿದ್ದೆಲ್ಲ ಹೊಸತು. ಸೌಜನ್ಯಳ ಮಾದರಿಯಲ್ಲೂ ಅದೇ ಸಿಕ್ಕಿತು. ಗಿರಣಿ ಮುಚ್ಚಿಸಿ, ಆಳುಗಳನ್ನು ಮನೆಯಲ್ಲಿರಿಸಿದೆವು. ಅವರಲ್ಲಿ ಯಾರಿಗೂ ಬರಲಿಲ್ಲ. ಸೌಜನ್ಯ ಗುಣವಾಗಿ ಎರಡನೇ ಸಾಲಿನಲ್ಲಿ ಕುಳಿತಿದ್ದಾಳೆ. ತಾಯಿಯನ್ನು ಒಯ್ದದ್ದು ಮಗಳನ್ನು ಏಕೆ ಬಿಟ್ಟಿತು? ಎಂದಿನಿಂದ ನಮ್ಮ ಉಸಿರಿನಲ್ಲಿ ಓಡಾಡುತ್ತಿದೆ? ಗೊತ್ತಿಲ್ಲ. ಆ ಚಿಟಿಕೆಯ ಮುಂದೆ ನಿಂತಷ್ಟು ಸಣ್ಣವನಾಗಿ ನಾನು ಹಂಪಿಯ ಬಂಡೆಗಳ ನಡುವೆಯೂ ನಿಂತಿರಲಿಲ್ಲ.

ಉಳಿದದ್ದಕ್ಕೆ ಇನ್ನೂ ಹೆಸರಿಟ್ಟಿಲ್ಲ. ಅಳಿಸಿದ್ದಕ್ಕೆ ಇತ್ತು.

ಇಷ್ಟು ಹೊತ್ತು ಕೇಳಿದಿರಿ, ಉಪಕಾರವಾಯಿತು. ನಮಸ್ಕಾರ.